ಊದು, ಎಳೆ, ಆಮೇಲೆ ಎತ್ತು: ಗರ್ಭಕೋಶ ಜಾರಿದ ಒಬ್ಬ ಅಕ್ಕನ 16 ವಾರ

ಬಾಗಿಲು ಹಾಕಿದ ಮೇಲೂ ಅವರು ಸರಿಯಾಗಿ ಕೂರಲಿಲ್ಲ. ಕುರ್ಚಿಯ ಅಂಚಿಗೆ ಒಂದು ಪಕ್ಕ ಊರಿ, ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು, "ಹೆಂಗೆ ಹೇಳ್ಲಿ ಮೇಡಂ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ಕೆಳಗೆ ಏನೋ ಇಳಿದಂಗೆ ಆಗ್ತದೆ. ಕೂತ್ರೆ ಈರುಳ್ಳಿ ಗೆಡ್ಡೆ ಮೇಲೆ ಕೂತಂಗೆ. ಬೆಳಗ್ಗೆ ಏನೂ ಇರಲ್ಲ. ಸಂಜೆ ಆದ್ರೆ ಕಾಲೆತ್ತಿ ಇಡಕ್ಕಾಗಲ್ಲ." ಇಷ್ಟನ್ನು ಬಾಯಿಬಿಟ್ಟು ಹೇಳೋದಕ್ಕೆ ಅವರಿಗೆ ಎರಡು ವರ್ಷ ಹಿಡಿದಿತ್ತು. ಗಂಡನಿಗೂ ಹೇಳಿರಲಿಲ್ಲ.

ನಾನು ಹೆಂಗಸರ ಆರೋಗ್ಯಕ್ಕೆ ಸಂಬಂಧಪಟ್ಟ ಫಿಸಿಯೋಥೆರಪಿ ಮಾಡುತ್ತೇನೆ. ಈ ಅಕ್ಕನ ಕಥೆಯನ್ನು ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗುವ ಒಂದೆರಡು ವಿವರ ಬದಲಾಯಿಸಿದ್ದೇನೆ.

ವಯಸ್ಸು 47. ತಿಪಟೂರು ಕಡೆಯ ಹಳ್ಳಿ. ಮೂರು ಹೆರಿಗೆ, ಮೂರೂ ಸಹಜ. ಎರಡನೆಯದು ಮಾತ್ರ ತುಂಬ ಕಷ್ಟವಾಗಿತ್ತಂತೆ, ರಾತ್ರಿಯೆಲ್ಲಾ "ಮುಕ್ಕು, ಮುಕ್ಕು" ಅಂತ ಮುಕ್ಕಿಸಿದ್ದರಂತೆ. ಮನೆಯಲ್ಲಿ ಎರಡು ಎಮ್ಮೆ, ಸ್ವಲ್ಪ ತೆಂಗಿನ ತೋಟ. ಆ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಒಣಗಲು ಬಿಡುತ್ತಾರೆ. ತೋಟದಲ್ಲಿ ಕಾಯಿ ಹೆಕ್ಕಿ, ಮಂಕರಿಗೆ ತುಂಬಿ, ಮನೆಗೆ ತಂದು ಅಟ್ಟದವರೆಗೆ ಮುಟ್ಟಿಸುವುದು ಇವರ ಕೆಲಸ. ಒಂದು ಮಂಕರಿಗೆ 20 ಕಾಯಿ. ತೂಗಿ ನೋಡಿದರೆ 20 ಕೆಜಿ ಮೇಲೆಯೇ. ಇದರ ಜೊತೆ ಹುಲ್ಲಿನ ಹೊರೆ, ಡೈರಿಗೆ ಹಾಲಿನ ಕ್ಯಾನು.

ಮೊದಲು ತೋರಿಸಿದ ಕಡೆ ಐದು ನಿಮಿಷದಲ್ಲಿ "ಗರ್ಭಕೋಶ ಜಾರಿದೆ, ತೆಗೆಸಿಬಿಡಿ" ಅಂದಿದ್ದರಂತೆ. ಇವರು ಹೆದರಿ ಆರು ತಿಂಗಳು ಸುಮ್ನೆ ಇದ್ದರು. ಆಮೇಲೆ ನೆಂಟರ ಪೈಕಿ ಒಬ್ಬ ನರ್ಸ್, ನಾನು ಜೊತೆಗೆ ಕೆಲಸ ಮಾಡುವ ಸ್ತ್ರೀರೋಗ ತಜ್ಞೆಯ ಹತ್ತಿರ ಕಳಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗರ್ಭಕೋಶ ತೆಗೆದರೆ ಜಾರುವುದು ನಿಂತುಹೋಗುತ್ತದೆ ಅಂತ ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಹಾಗಲ್ಲ. ಈ ಅಕ್ಕನಲ್ಲಿ ಮುಖ್ಯವಾಗಿ ಇಳಿದಿದ್ದು ಗರ್ಭಕೋಶವೇ ಅಲ್ಲ. ಯೋನಿಯ ಮುಂದಿನ ಗೋಡೆ ಸಡಿಲವಾಗಿ, ಅದಕ್ಕೆ ಮುಂದುಗಡೆ ಇರುವ ಮೂತ್ರಕೋಶ ಕೆಳಗೆ ಜೋತುಬಿದ್ದಿತ್ತು. ಗರ್ಭಕೋಶ ಸ್ವಲ್ಪ ಮಾತ್ರ ಇಳಿದಿತ್ತು. ಗರ್ಭಕೋಶವನ್ನಷ್ಟೇ ತೆಗೆದರೆ ಮೂತ್ರಕೋಶದ ಆಸರೆ ತಾನಾಗಿ ಸರಿಹೋಗುವುದಿಲ್ಲ. ತೆಗೆದ ಮೇಲೆ ಯೋನಿಯ ಮೇಲ್ತುದಿಯೇ ಕೆಳಗೆ ಇಳಿದ ಹೆಂಗಸರನ್ನೂ ನಾವು ನೋಡುತ್ತೇವೆ. ಆಪರೇಷನ್ ಬೇಕಾದವರಿಗೆ ಬೇಕೇ ಬೇಕು. ಆದರೆ ಏನು ಇಳಿದಿದೆ, ಎಷ್ಟು ಇಳಿದಿದೆ ಅಂತ ಅಳೆಯದೆ ಆ ಮಾತು ಆಡಬಾರದು.

ಅಳೆಯೋದಕ್ಕೆ ಒಂದು ಪದ್ಧತಿ ಇದೆ. 1996ರಿಂದ ಬಳಕೆಯಲ್ಲಿರುವ ಪಿಒಪಿ-ಕ್ಯೂ. ಯೋನಿಯ ಬಾಯಿಯ ಹತ್ತಿರ ಕನ್ಯಾಪೊರೆ ಇರುವ ಜಾಗವನ್ನು ಸೊನ್ನೆ ಅಂತ ಇಟ್ಟುಕೊಂಡು, ಅದಕ್ಕಿಂತ ಎಷ್ಟು ಸೆಂಟಿಮೀಟರ್ ಮೇಲೆ, ಎಷ್ಟು ಕೆಳಗೆ ಅಂತ ನೋಡುತ್ತಾರೆ. ಸೊನ್ನೆಗೆ ಒಂದು ಸೆಂಟಿಮೀಟರ್ ಮೇಲಿನಿಂದ ಒಂದು ಸೆಂಟಿಮೀಟರ್ ಕೆಳಗಿನವರೆಗೆ ಬಂದು ನಿಂತಿದ್ದರೆ ಎರಡನೇ ಹಂತ. ಈ ಅಕ್ಕನ ಮುಂದಿನ ಗೋಡೆ ಸರಿಯಾಗಿ ಸೊನ್ನೆಯಲ್ಲಿ ನಿಂತಿತ್ತು. ಮೂತ್ರ ಪರೀಕ್ಷೆ ಸರಿ ಇತ್ತು. ಮೂತ್ರ ಮಾಡಿದ ಮೇಲೆ ಒಳಗೆ ಜಾಸ್ತಿ ಉಳಿಯುತ್ತಿರಲಿಲ್ಲ. ಗಾಯ, ರಕ್ತಸ್ರಾವ ಏನೂ ಇರಲಿಲ್ಲ. ಇಂಥ ಹಂತದಲ್ಲಿ ತೊಂದರೆ ಇರುವವರಿಗೆ ಕನಿಷ್ಠ 16 ವಾರ ಹೇಳಿಕೊಟ್ಟು ಮಾಡಿಸುವ ವ್ಯಾಯಾಮವನ್ನು ಮೊದಲು ಯೋಚಿಸಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ವೈದ್ಯೆ ಅದನ್ನೇ ಹಿಡಿದು ನನ್ನ ಹತ್ತಿರ ಕಳಿಸಿದರು.

ಮಂಕರಿ ಎತ್ತಿ ತೋರಿಸಿ ಅಂದೆ

ನಮ್ಮಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇದೆ. ಅದರಲ್ಲಿ ಐದು ಕೆಜಿಯ ಎರಡು ಅಕ್ಕಿ ಚೀಲ. "ಅಕ್ಕ, ಮನೇಲಿ ಹೇಗೆ ಎತ್ತುತ್ತೀರೋ ಹಾಗೇ ಎತ್ತಿ" ಅಂದೆ. ಮೂರು ಸೆಕೆಂಡಿನ ಕೆಲಸ. ಆದರೆ ಪೂರ್ತಿ ಪ್ರಕರಣ ಅದರಲ್ಲೇ ಇತ್ತು. ಬಗ್ಗಿದರು. ಉಸಿರು ಒಳಗೆ ಎಳೆದುಕೊಂಡು ಕಟ್ಟಿದರು. ಕತ್ತಿನ ನರ ಎದ್ದು ನಿಂತಿತು. "ಹ್ಞಂ" ಅಂತ ಗಂಟಲಲ್ಲಿ ಸದ್ದು. ಹೊಟ್ಟೆ ಮುಂದಕ್ಕೆ ಉಬ್ಬಿತು. ಬುಟ್ಟಿ ಸೊಂಟಕ್ಕೆ ಬಂದ ಮೇಲೆ ಉಸಿರು ಬಿಟ್ಟರು. ದಿನಕ್ಕೆ ಎಷ್ಟು ಸಲ ಹೀಗೆ ಎತ್ತುತ್ತೀರಿ ಅಂತ ಕೇಳಿದೆ. "ಲೆಕ್ಕ ಇಟ್ಟಿಲ್ಲ ಮೇಡಂ."

ನಿಲ್ಲುವ ರೀತಿಯೂ ಹಾಗೇ. ಎದೆ ಕುಸಿದಿತ್ತು. ಪೃಷ್ಠ ಒಳಕ್ಕೆ ಮಡಚಿಕೊಂಡಿತ್ತು. ಹೊಟ್ಟೆ ಬೆಳಗಿಂದ ಸಂಜೆವರೆಗೆ ಒಳಕ್ಕೆ ಎಳೆದುಕೊಂಡಿರುತ್ತಿದ್ದರು. ಮದುವೆ ವಯಸ್ಸಿಗೆ ಬಂದಿರುವ ಮಗಳು ಹೊಟ್ಟೆ ಬಗ್ಗೆ ಏನೋ ಅಂದಿದ್ದಳಂತೆ. ತೊಡೆಗಳನ್ನೂ ಒಂದಕ್ಕೊಂದು ಒತ್ತಿ ಹಿಡಿದಿದ್ದರು, ಏನಾದರೂ ಬಿದ್ದುಹೋದೀತು ಅನ್ನುವ ಭಯಕ್ಕೆ.

ಆಮೇಲೆ ಒಪ್ಪಿಗೆ ಕೇಳಿ ಒಳಗಿನ ಪರೀಕ್ಷೆ ಮಾಡಿದೆ. ಮೂತ್ರ ತಡೆಯುವ ಹಾಗೆ ಬಿಗಿ ಮಾಡಿ ಅಂದರೆ ಅವರು ಕೆಳಕ್ಕೆ ತಳ್ಳಿದರು. ಎಳೆಯಬೇಕಾದ ಕಡೆ ತಳ್ಳುತ್ತಿದ್ದರು! ಇದು ಅವರೊಬ್ಬರ ತಪ್ಪಲ್ಲ. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಲ್ಲಿ ಹೇಳಿ ಈ ವ್ಯಾಯಾಮ ಮಾಡಿಸಿ ನೋಡಿದ್ದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಾತ್ರ. ಸುಮಾರು ಕಾಲುಭಾಗ ಹೆಂಗಸರು ತೊಂದರೆ ಹೆಚ್ಚಿಸುವ ರೀತಿಯಲ್ಲೇ ಮಾಡುತ್ತಿದ್ದರು. "ಕೀಗಲ್ ಮಾಡಿ" ಅಂತ ಒಂದು ಚೀಟಿ ಬರೆದು ಕಳಿಸುವುದರಲ್ಲಿ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ ಅದರ ಜೊತೆ ಒತ್ತಡ ಅಳೆಯುವ ಉಪಕರಣವನ್ನೂ ಇಟ್ಟಿದ್ದರು. ನಮ್ಮ ಚೀಟಿಗಳಲ್ಲಿ ಉಳಿದಿದ್ದು ಅವರ ಹೆಸರು ಮಾತ್ರ.

ಸ್ನಾಯುವಿನ ಬಲ ಐದಕ್ಕೆ ಎರಡು. ಹಿಡಿದಿಡೋದು ಮೂರು ಸೆಕೆಂಡು. ಕಷ್ಟದ ಅಂಕ ಅಂತ ಒಂದಿದೆ. ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4. ಒಟ್ಟು 28. ಅದರಲ್ಲಿ ಇವರದು 16.

ಒತ್ತಡ ಹೋಗೋದು ಎಲ್ಲಿಗೆ?

ಅವರಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹೊಟ್ಟೆ ಒಂದು ಮುಚ್ಚಿದ ಡಬ್ಬಿ ಅಂದುಕೊಳ್ಳಿ. ಮೇಲಿನ ಮುಚ್ಚಳ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ಶಾಲೆಯಲ್ಲಿ ವಪೆ ಅಂತ ಓದಿದ್ದೇವಲ್ಲ, ಅದು. ಕೆಳಗಿನ ತಳ ಮಗುವಿಗೆ ಕಟ್ಟುವ ಸೀರೆ ಜೋಲಿಯಂಥ ಸ್ನಾಯು. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹರಡಿದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಅದೇ ಆಸರೆ. ಉಸಿರು ಎಳೆದಾಗ ವಪೆ ಇಳಿಯುತ್ತದೆ, ಜೋಲಿಯೂ ಸ್ವಲ್ಪ ಇಳಿದು ಮೆತ್ತಗಾಗುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇಳುತ್ತವೆ. ಉಸಿರು ಕಟ್ಟಿ ತಿಣುಕಿದರೆ ಮುಚ್ಚಳ ಮೇಲಿಂದ ಒತ್ತಿ ಕೂತಿರುತ್ತದೆ, ಹೊಟ್ಟೆಯ ಗೋಡೆ ಬಿಗಿದಿರುತ್ತದೆ. ಒತ್ತಡಕ್ಕೆ ಉಳಿಯುವ ದಾರಿ ಕೆಳಗಿನದೊಂದೇ. ಹೆರಿಗೆಯಲ್ಲಿ ಹಿಗ್ಗಿದ, ಎಲ್ಲೋ ಹರಿದಿರಲೂಬಹುದಾದ ಜೋಲಿಯ ಮೇಲೆ ಅದು ದಿನಕ್ಕೆ ನೂರು ಸಲ ಬೀಳುತ್ತದೆ.

ಹಾಗಾಗಿ ಈ ಪ್ರಕರಣದಲ್ಲಿ ನಾನು ಹಿಡಿದ ದಾರಿ ಹೀಗಿತ್ತು. ವ್ಯಾಯಾಮ ಎಷ್ಟು ಸಲ ಅನ್ನೋದಕ್ಕಿಂತ, ಉಸಿರು ಯಾವ ಗಳಿಗೆಯಲ್ಲಿ ಬಿಡುತ್ತಾರೆ ಅನ್ನೋದನ್ನು ಮೊದಲು ಸರಿ ಮಾಡಬೇಕು. ದಿನಕ್ಕೆ ಹತ್ತು ನಿಮಿಷ ಸ್ನಾಯು ಗಟ್ಟಿ ಮಾಡಿ, ಉಳಿದ ಹೊತ್ತೆಲ್ಲಾ ಅದರ ಮೇಲೆ ಒತ್ತಡ ಹೇರಿದರೆ ಆ ಹತ್ತು ನಿಮಿಷ ಎಲ್ಲಿ ಉಳಿಯುತ್ತದೆ, ಅಲ್ವಾ?

ಎಮ್ಮೆ ಹೇಳಿಕೊಟ್ಟಿದ್ದು

ಮೊದಲ ಮೂರು ವಾರ ಬರೀ ಮಲಗಿ ಮಾಡುವುದು. ಮಂಡಿ ಮಡಚಿ, ಸೊಂಟದ ಕೆಳಗೆ ಒಂದು ದಿಂಬು. ಕೈ ಪಕ್ಕೆಲುಬಿನ ಮೇಲೆ. ಉಸಿರು ಎಳೆದಾಗ ಪಕ್ಕೆ ಅಗಲವಾಗಬೇಕು, ಹೊಟ್ಟೆ ಮೆತ್ತಗಿರಬೇಕು. ಬಿಡುವಾಗ ಕೆಳಗಿನ ಸ್ನಾಯು ಮೇಲಕ್ಕೆ.

"ಮೇಲಕ್ಕೆ" ಅನ್ನುವುದೇ ಅವರಿಗೆ ಸಿಗುತ್ತಿರಲಿಲ್ಲ. ನಾನು ಗಾಳಿ ತಡೆಯುವ ಹಾಗೆ ಅಂದೆ, ಮೂತ್ರ ತಡೆಯುವ ಹಾಗೆ ಅಂದೆ. ತೊಡೆ ಬಿಗಿಯುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ಒಳಗೆ ಏನೂ ಇಲ್ಲ. ಕೊನೆಗೆ ಅವರೇ ಕೇಳಿದರು. "ಎಮ್ಮೆ ಒಂದೊಂದ್ಸಲ ಸೊರ ಬಿಡದೆ ಹಾಲು ಮೇಲಕ್ಕೆ ಎಳ್ಕೊಂಡುಬಿಡುತ್ತಲ್ಲ ಮೇಡಂ, ಹಂಗಾ?" ಸೊರ ಬಿಡುವುದು ಅಂದರೆ ಕರೆಯುವಾಗ ಕೆಚ್ಚಲಿನಿಂದ ಹಾಲು ಇಳಿಸುವುದು. ಹೂಂ ಅಕ್ಕ, ಹಾಗೇ ಅಂದೆ. ನನ್ನ ಬೆರಳಿನ ಸುತ್ತ ಸ್ನಾಯು ಮೆಲ್ಲಗೆ ಬಿಗಿಯಿತು, ಆಮೇಲೆ ಮೇಲಕ್ಕೆ ಸರಿಯಿತು. ತೊಡೆ ಅಲ್ಲಾಡಲಿಲ್ಲ. "ಈಗ ಸೊರ ಬಿಡಿ" ಅಂದೆ. ಪೂರ್ತಿ ಸಡಿಲವಾಯಿತು. ಎಳೆಯುವುದಷ್ಟೇ ಅಲ್ಲ, ಬಿಡುವುದೂ ಅವರಿಗೆ ಆ ಒಂದು ಮಾತಲ್ಲಿ ಸಿಕ್ಕಿತು. ಯಾವಾಗಲೂ ಬಿಗಿದುಕೊಂಡೇ ಇರುವ ಸ್ನಾಯು ಬೇಗ ಸುಸ್ತಾಗುತ್ತದೆ, ಬೇಕಾದಾಗ ಕೆಲಸಕ್ಕೆ ಬರುವುದಿಲ್ಲ. ಈಗ ಬೇರೆಯವರಿಗೂ ನಾನು ಈ ಮಾತನ್ನೇ ಹೇಳುತ್ತೇನೆ. ಎಮ್ಮೆ ಕರೆದವರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ.

ಮೂರು ಸೆಕೆಂಡು ಹಿಡಿದು ಆರು ಸೆಕೆಂಡು ಬಿಡುವುದು, ಐದು ಸಲ. ಬೆಳಗ್ಗೆ ಏಳುವ ಮುಂಚೆ, ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಾದ ಮೇಲೆ, ರಾತ್ರಿ ಮಲಗುವಾಗ. ವಾರ ವಾರ ಏರಿಸುತ್ತಾ ಹೋಗಿ, ಕೊನೆಗೆ ಎಂಟು ಸೆಕೆಂಡಿನದು ಹತ್ತು, ಚಕಚಕ ಮಾಡುವುದು ಹತ್ತು. ಮಾಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು. ಸಂಜೆ ಭಾರ ಅನ್ನಿಸಿದರೆ ಅದರ ಪಕ್ಕ ಒಂದು ಸೊನ್ನೆ. ಭಾರ ಜಾಸ್ತಿ ಇದ್ದ ದಿನ ಹತ್ತು ನಿಮಿಷ ಸೊಂಟ ಎತ್ತರದಲ್ಲಿಟ್ಟು ಮಲಗುವುದು. ಇದರಿಂದ ವಾಸಿಯಾಗುತ್ತದೆ ಅಂತಲ್ಲ, ಆ ಹೊತ್ತಿಗೆ ಭಾರ ಇಳಿಯುತ್ತದೆ.

ಎರಡನೇ ಭೇಟಿಗೆ ಮಗಳು ಜೊತೆಗೆ ಬಂದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಉಸಿರು ಪೂರ್ತಿ ಹೊರಗೆ ಹಾಕಿ ಹೊಟ್ಟೆಯನ್ನು ಪಕ್ಕೆಲುಬಿನ ಅಡಿಗೆ ಎಳೆಯುವುದು. ನೋಡಲು ನಮ್ಮ ಯೋಗದ ಉಡ್ಡಿಯಾನ ಬಂಧದ ಹಾಗೇ. ಹೈಪೊಪ್ರೆಸಿವ್ ಅಂತ ಹೆಸರು, ಬೆಲ್ಜಿಯಂನ ಮಾರ್ಸೆಲ್ ಕಾಫ್ರಿಯೆ 1980ರ ದಶಕದಲ್ಲಿ ಬೆಳೆಸಿದ ಪದ್ಧತಿ. ಅದನ್ನು ನಾನು ಈ ಅಕ್ಕನಿಗೆ ಕೊಡಲಿಲ್ಲ. ತಳದ ಸ್ನಾಯುವನ್ನೇ ನೇರವಾಗಿ ಪಳಗಿಸುವುದಕ್ಕೆ ಇರುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವ ಹೆಂಗಸಿಗೆ ಯಾವುದು ಮೊದಲು ಅಂತ ಆರಿಸಬೇಕಾದರೆ, ಆಧಾರ ಇರುವುದನ್ನೇ ಆರಿಸುತ್ತೇನೆ.

ಊದುಗೊಳವೆ

ನಾಲ್ಕನೇ ವಾರದಿಂದ ಎದ್ದು ನಿಲ್ಲುವುದು, ಎತ್ತುವುದು. ಮೊದಲು ನಿಲುವು. ಹೊಟ್ಟೆ ಎಳೆದುಕೊಳ್ಳುವುದನ್ನು ಬಿಡಿಸಿದೆ. ಪೃಷ್ಠ ಸ್ವಲ್ಪ ಹಿಂದಕ್ಕೆ, ತಲೆ ಮೇಲೆ ಬಿಂದಿಗೆ ಇಟ್ಟಂತೆ ಬೆನ್ನು ಉದ್ದಕ್ಕೆ. ಬೆನ್ನು ಕುಸಿದು ಕೂತಾಗಿನದಕ್ಕಿಂತ ನೆಟ್ಟಗೆ ಕೂತಾಗ ತಳದ ಸ್ನಾಯು ತಾನಾಗಿ ಜಾಸ್ತಿ ಎಚ್ಚರವಾಗಿರುತ್ತದೆ. ಹೀಗೇ ನಿಂತಿರಿ ಅಂತ ದಿನವಿಡೀ ಗೋಳು ಹೊಯ್ದುಕೊಳ್ಳಲಿಲ್ಲ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರುವ ಬದಲು ಚಿಕ್ಕ ಮಣೆ ತಗೊಂಡರು, ಬೆನ್ನು ತಾನೇ ನೆಟ್ಟಗಾಯಿತು.

ಎತ್ತುವುದಕ್ಕೆ ಊದುಗೊಳವೆ ನೆನಪಿಸಿದೆ. ಒಲೆ ಹತ್ತಿಸುವಾಗ ಮೊದಲು ಮೆಲ್ಲಗೆ, ಒಂದೇ ಸಮ ಊದುತ್ತೇವಲ್ಲ, ಹಾಗೆ. ಜೋರಾಗಿ ಊದಿದರೆ ಬೂದಿ ಹಾರುತ್ತದೆ, ಇಲ್ಲಿ ಹೊಟ್ಟೆ ಉಬ್ಬುತ್ತದೆ. ಊದಲು ಶುರು ಮಾಡು, ಸೊರ ಎಳೆ, ಆಮೇಲೆ ಎತ್ತು. ಈ ಮೂರರ ಕ್ರಮ ತಪ್ಪಬಾರದು. ಖಾಲಿ ಕೈಯಲ್ಲಿ ಕುರ್ಚಿಯಿಂದ ಏಳುವುದು, ಆಮೇಲೆ ನೀರಿನ ಚೊಂಬು, ಆಮೇಲೆ ಅರ್ಧ ಬಿಂದಿಗೆ. ಜೊತೆಗೆ ಮಲಗಿ ಸೊಂಟ ಎತ್ತುವುದು, ಗೋಡೆಗೆ ಒರಗಿ ಅರ್ಧ ಕೂತು ಏಳುವುದು. ಕಾಲು, ಪೃಷ್ಠದ ಸ್ನಾಯು ಗಟ್ಟಿಯಾದರೆ ಎತ್ತುವಾಗ ತಿಣುಕುವುದು ಕಡಿಮೆಯಾಗುತ್ತದೆ.

ಮಲಬದ್ಧತೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಆದರೆ ಅದು ಸರಿಹೋಗದೆ ಬೇರೆ ಏನೂ ಸರಿಹೋಗುತ್ತಿರಲಿಲ್ಲ. ಮೂತ್ರ ಸೋರೀತು ಅಂತ ನೀರೇ ಕುಡಿಯುತ್ತಿರಲಿಲ್ಲ. ನೀರು ಹೆಚ್ಚಿಸಿದೆವು, ವೈದ್ಯೆ ಇಸಬ್‌ಗೋಲ್ ಕೊಟ್ಟರು. ಕಕ್ಕಸಿನಲ್ಲೂ ಅದೇ ಪಾಠ: ಉಸಿರು ಕಟ್ಟಬೇಡಿ, ಹೊಟ್ಟೆ ಸಡಿಲ ಬಿಟ್ಟು ಮೆಲ್ಲಗೆ ಊದಿ, ಬರದಿದ್ದರೆ ಎದ್ದು ಬನ್ನಿ.

ಏಳನೇ ವಾರ ಎಲ್ಲಾ ಕೆಟ್ಟಿತು. ನೆಗಡಿ, ಕೆಮ್ಮು. ಹತ್ತು ದಿನ ಕ್ಯಾಲೆಂಡರಿನಲ್ಲಿ ಬರೀ ಸೊನ್ನೆ. ಫೋನಿನಲ್ಲಿ ಅಳುತ್ತಾ, "ಇಷ್ಟು ದಿನ ಮಾಡಿದ್ದೆಲ್ಲಾ ಹೋಯ್ತು, ಆಪರೇಷನ್ನೇ ಮಾಡಿಸ್ತೀನಿ" ಅಂದರು. ಕೇಳಿದರೆ, ಬಚ್ಚಲ ಒಲೆಯ ಹೊಗೆಗೆ ಅವರು ವರ್ಷಗಟ್ಟಲೆಯಿಂದ ಬೆಳಗ್ಗೆ ಕೆಮ್ಮುತ್ತಿದ್ದರಂತೆ. ಕೆಮ್ಮು ಬರುವ ಮುಂಚೆ ಸೊರ ಎಳೆದು ಹಿಡಿದು ಕೆಮ್ಮುವುದನ್ನು ಆವತ್ತೇ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟೆ. 1998ರಲ್ಲಿ ಅಮೆರಿಕದ ಸಂಶೋಧಕರು, ಕೆಮ್ಮುವ ಸ್ವಲ್ಪ ಮುಂಚೆ ಹೀಗೆ ಬಿಗಿ ಮಾಡಿದರೆ ಮೂತ್ರ ಸೋರುವುದು ಒಂದೇ ವಾರದಲ್ಲಿ ಕಡಿಮೆಯಾಗುತ್ತದೆ ಅಂತ ತೋರಿಸಿದ್ದರು. ಸ್ನಾಯು ಬೆಳೆಯಲು ತಿಂಗಳುಗಳು ಬೇಕು. ಗಳಿಗೆ ಸರಿಮಾಡಿಕೊಳ್ಳಲು ದಿನಗಳು ಸಾಕು. ಮಗ ಬಚ್ಚಲಿಗೆ ಹೊಗೆ ಕೊಳವೆ ಹಾಕಿಸಿದ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಅಕ್ಕ ಒಪ್ಪಿದ ಮೇಲೆ ಚಿತ್ರ ಬರೆದು ವಿವರಿಸಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಇಷ್ಟು ದಿನ ಹೇಳ್ಬಾರ್ದಾ" ಅಂತ ಹೆಂಡತಿಯ ಕಡೆ ತಿರುಗಿ ಅಂದರು, ಅಷ್ಟೇ. ಆವತ್ತಿಂದ ಅಟ್ಟ ಹತ್ತುವ ಕೆಲಸ ಅವರದು. ಮಂಕರಿಗೆ 20ರ ಬದಲು ಎಂಟು ಕಾಯಿ. ಮಂಕರಿಯನ್ನು ನೆಲದಲ್ಲಿ ಇಡುವುದಿಲ್ಲ, ಕಟ್ಟೆಯ ಮೇಲಿಟ್ಟೇ ತುಂಬುವುದು. ಹಾಲಿನ ಕ್ಯಾನು ಸೈಕಲ್ ಮೇಲೆ.

ಹನ್ನೆರಡನೇ ವಾರ ಕಾಯಿ ಕೀಳಿಸುವ ಕೆಲಸ ಬಂತು. ಅಷ್ಟು ದಿನಕ್ಕೆ ಮಾತ್ರ ವೈದ್ಯೆ ಉಂಗುರದ ಪೆಸರಿ ಹಾಕಿಕೊಟ್ಟರು. ಒಳಗೆ ಇಟ್ಟುಕೊಂಡರೆ ಇಳಿದದ್ದನ್ನು ಎತ್ತಿ ಹಿಡಿಯುವ ಸಿಲಿಕೋನ್ ಬಳೆ ಅದು. ತಾವೇ ತೆಗೆದು ತೊಳೆದು ಹಾಕಿಕೊಳ್ಳುವುದನ್ನು ಕಲಿತರು. ವ್ಯಾಯಾಮ ಮಾಡುವವರು ಪೆಸರಿ ಹಾಕಿಕೊಂಡರೆ ಸೋತ ಹಾಗೆ ಅಂತ ಯಾರೂ ಅಂದುಕೊಳ್ಳಬಾರದು.

16 ವಾರ ಆದಾಗ

ಒಟ್ಟು ಐದು ಭೇಟಿ. ಈ ಲೆಕ್ಕ ನನ್ನದಲ್ಲ. 2014ರಲ್ಲಿ ಸುಝಾನ್ ಹೇಗನ್ ಮತ್ತವರ ಸಂಗಡಿಗರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 447 ಹೆಂಗಸರಿದ್ದರು. ಅವರಲ್ಲಿ ವ್ಯಾಯಾಮದ ಗುಂಪಿಗೆ 16 ವಾರದಲ್ಲಿ ಐದು ಭೇಟಿ ಇಟ್ಟಿದ್ದರು. ವರ್ಷ ಕಳೆದ ಮೇಲೆ ಅವರ ತೊಂದರೆ, ವ್ಯಾಯಾಮ ಹೇಳಿಕೊಡದ ಗುಂಪಿಗಿಂತ ಕಡಿಮೆ ಇತ್ತು. ಬಸ್ಸಿನಲ್ಲಿ ಬರುವವರಿಗೆ ಐದು ಸಲ ಬನ್ನಿ ಅಂತ ಕೇಳಬಹುದು, ಇಪ್ಪತ್ತು ಸಲ ಕೇಳೋಕಾಗಲ್ಲ.

ಪೆಸರಿ ತೆಗೆದೇ ಅಳೆದೆವು. ಕಷ್ಟದ ಅಂಕ 16ರಿಂದ 6ಕ್ಕೆ ಇಳಿದಿತ್ತು. ಬಲ ಐದಕ್ಕೆ ನಾಲ್ಕು. ಎಂಟು ಸೆಕೆಂಡು ಹಿಡಿಯುತ್ತಿದ್ದರು. ಮುಂದಿನ ಗೋಡೆ ಸೊನ್ನೆಯಿಂದ ಒಂದು ಸೆಂಟಿಮೀಟರ್ ಮೇಲೆ. ಲೆಕ್ಕದ ಪ್ರಕಾರ ಅದಿನ್ನೂ ಎರಡನೇ ಹಂತವೇ. ಅದನ್ನು ಅವರಿಗೆ ಮುಚ್ಚಿಡದೆ ಹೇಳಿದೆ. ನಾರ್ವೆಯಲ್ಲಿ 2010ರಲ್ಲಿ ಆರು ತಿಂಗಳ ವ್ಯಾಯಾಮ ಮಾಡಿದವರಲ್ಲೂ ಒಂದು ಹಂತ ಮೇಲೇರಿದವರು ನೂರಕ್ಕೆ 19 ಮಾತ್ರ. ಹಂತ ಬದಲಾಗದೆಯೂ ಬದುಕು ಹಗುರಾಗುತ್ತದೆ. ಕ್ಯಾಲೆಂಡರಿನ ಕೊನೆಯ ತಿಂಗಳಲ್ಲಿ ಮೂರೇ ಸೊನ್ನೆ ಇದ್ದವು. ಅದರಲ್ಲಿ ಎರಡು ಬೀಗರ ಮನೆಯ ಗೃಹಪ್ರವೇಶದ ದಿನಗಳು.

ಎಲ್ಲರಿಗೂ ಇದೇ ದಾರಿ ಅಲ್ಲ. ಜಾರಿದ್ದು ಪೂರ್ತಿ ಹೊರಗೆ ಬಂದು ಒಳಗೆ ಹೋಗದಿದ್ದರೆ, ಅದರ ಮೇಲೆ ಹುಣ್ಣಾಗಿದ್ದರೆ, ಮೂತ್ರ ಕಟ್ಟಿದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ವ್ಯಾಯಾಮ ಅಂತ ಕಾಯಬೇಡಿ. ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಈ ಅಕ್ಕನಿಗೂ ಮುಂದೆ ಆಪರೇಷನ್ ಬೇಕಾಗಬಹುದು. ಆಗಲೂ ಮಂಕರಿ ಎತ್ತುವ ರೀತಿ ಇದೇ ಇರಬೇಕು, ಇಲ್ಲದಿದ್ದರೆ ಹೊಲಿದ ಜಾಗದ ಮೇಲೂ ಅದೇ ಒತ್ತಡ ಬೀಳುತ್ತದೆ.

ನಾನು ಬೇರೆ ರೀತಿ ಮಾಡಬೇಕಿದ್ದದ್ದು ಒಂದಿದೆ. ಕೆಮ್ಮಿನ ಬಗ್ಗೆ ಮೊದಲ ದಿನವೇ ಕೇಳಬೇಕಿತ್ತು. ಎತ್ತುವುದನ್ನು ನೋಡಿದೆ, ಕಕ್ಕಸಿನ ಬಗ್ಗೆ ಕೇಳಿದೆ, ದಿನಾ ಬೆಳಗ್ಗೆ ಬಚ್ಚಲಲ್ಲಿ ಕೆಮ್ಮುವುದು ಅವರಿಗೂ ಕಾಯಿಲೆ ಅನ್ನಿಸಿರಲಿಲ್ಲ, ನನಗೂ ಹೊಳೆಯಲಿಲ್ಲ. ಅದರಿಂದ ಅವರು ಹತ್ತು ದಿನ ನರಳಿದರು, ಇನ್ನೇನು ಬಿಟ್ಟೇಬಿಡುತ್ತಿದ್ದರು. ಈಗ ನನ್ನ ಕೇಸ್ ಶೀಟಿನಲ್ಲಿ ಹೆರಿಗೆಯ ಪ್ರಶ್ನೆ ಆದ ತಕ್ಷಣ ಒಲೆ ಯಾವುದು, ಕೆಮ್ಮು ಇದೆಯಾ ಅನ್ನುವ ಪ್ರಶ್ನೆ ಇದೆ. ಅಕ್ಕ ಈಗ ವಾರಕ್ಕೆ ಮೂರು ದಿನ ವ್ಯಾಯಾಮ ಮಾಡುತ್ತಾರೆ. ಮುಂದಿನ ತಪಾಸಣೆ ಇನ್ನೊಂದು ಸಲ ಕಾಯಿ ಕೀಳಿಸುವ ಮುಂಚೆ ಅಂತ ಗೊತ್ತುಮಾಡಿಕೊಂಡಿದ್ದೇವೆ.